ತಕ್ಕಡಿ ಹೇಳದ ತೂಕ

ಮನೆಯಲ್ಲಿ ಯಾರಾದರೂ ದೊಡ್ಡ ಕಾಯಿಲೆ ಬಿದ್ದರೆ, ನೋಡಲು ಬಂದವರ ಮೊದಲ ಮಾತು ರೋಗಿಯ ಮೈಯ ಬಗೆಗೇ ಇರುತ್ತದೆ. ರೋಗಿ ಸಣಕಲಾಗಿದ್ದರೆ ‘ಅಯ್ಯೋ, ಎಷ್ಟು ಇಳಿದುಹೋಗಿದ್ದಾರೆ’ ಎಂದು ಮರುಗುತ್ತಾರೆ. ದಪ್ಪಗಿದ್ದರೆ ‘ಮೈಕೈ ತುಂಬಿಕೊಂಡಿದ್ದಾರೆ, ಏನು ಬಂದರೂ ತಡೆದುಕೊಳ್ಳುತ್ತಾರೆ’ ಎಂದು ಧೈರ್ಯ ಹೇಳುತ್ತಾರೆ. ಮೊದಲನೆಯ ಮಾತಿನಲ್ಲಿ ಬಹುಮಟ್ಟಿಗೆ ಸತ್ಯವಿದೆ. ಎರಡನೆಯದು ಮಾತ್ರ ಎಷ್ಟೋ ಸಲ ಮೋಸ ಮಾಡುತ್ತದೆ. ಕ್ಯಾನ್ಸರ್ ರೋಗಿಗಳ ಸ್ಕ್ಯಾನ್ ಚಿತ್ರಗಳನ್ನು ಬೇರೊಂದು ಕಣ್ಣಿನಿಂದ ನೋಡಲು ಆರಂಭಿಸಿದ ವಿಜ್ಞಾನಿಗಳು ಕಳೆದ ಎರಡು ದಶಕಗಳಲ್ಲಿ ಕಂಡುಕೊಂಡ ಸಂಗತಿ ಇದು.

ತಕ್ಕಡಿಯ ಮೇಲೆ ನಿಂತಾಗ ಮುಳ್ಳು 70 ಕಿಲೋ ತೋರಿಸಿತು ಎನ್ನಿ. ಆ 70ರಲ್ಲಿ ಮೂಳೆ ಎಷ್ಟು, ನೀರು ಎಷ್ಟು, ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಎಂಬುದನ್ನು ಮುಳ್ಳು ಹೇಳುವುದಿಲ್ಲ. ಒಂದೇ ಎತ್ತರದ, ಒಂದೇ ತೂಕದ ಇಬ್ಬರಲ್ಲಿ ಒಬ್ಬನ ಮೈಯಲ್ಲಿ ಮಾಂಸಖಂಡ ಹೆಚ್ಚಿರಬಹುದು, ಇನ್ನೊಬ್ಬನಲ್ಲಿ ಕೊಬ್ಬು ಹೆಚ್ಚಿರಬಹುದು. ಕಣದಲ್ಲಿ ರೈತ ಮೂಟೆಯ ದಪ್ಪ ನೋಡಿ ಬೆಲೆ ಕಟ್ಟುವುದಿಲ್ಲ, ಒಂದು ಹಿಡಿ ತೆಗೆದು ಕಾಳೆಷ್ಟು, ಜೊಳ್ಳೆಷ್ಟು ಎಂದು ನೋಡುತ್ತಾನೆ. ದೇಹದ ವಿಷಯದಲ್ಲಿಯೂ ಹಾಗೆ ನೋಡಬೇಕಾದ ಕಾಲ ಬಂದಿದೆ.

ಮಾಂಸಖಂಡವೆಂಬ ಉಗ್ರಾಣ

ಪಠ್ಯಪುಸ್ತಕಗಳು ‘ಸ್ನಾಯು’ ಎಂದು ಕರೆಯುವ ಮಾಂಸಖಂಡ ನಡೆಯಲು, ಎತ್ತಲು, ಉಸಿರಾಡಲು ಬೇಕು ಎಂಬುದನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಮೂಳೆಗಳಿಗೆ ಅಂಟಿಕೊಂಡ ಸ್ನಾಯುಗಳು 600ಕ್ಕೂ ಹೆಚ್ಚು. ವಯಸ್ಕ ಗಂಡಸಿನ ತೂಕದಲ್ಲಿ ಸುಮಾರು ಶೇಕಡ 38 ಭಾಗ, ಹೆಂಗಸಿನ ತೂಕದಲ್ಲಿ ಸುಮಾರು ಶೇಕಡ 31 ಭಾಗ ಇವುಗಳದೇ. ಆದರೆ ಅವು ಮಾಡುವ ಇನ್ನೊಂದು ಕೆಲಸ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಸ್ನಾಯು ದೇಹದ ಪ್ರೋಟೀನ್ ಉಗ್ರಾಣ.

ಹೆಚ್ಚುವರಿ ಕೊಬ್ಬನ್ನು ಕೂಡಿಡಲು ದೇಹಕ್ಕೆ ಚರ್ಮದಡಿಯಲ್ಲಿ ಜಾಗವಿದೆ. ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಪಿತ್ತಜನಕಾಂಗ ಮತ್ತು ಸ್ನಾಯುಗಳು ಸ್ವಲ್ಪಮಟ್ಟಿಗೆ ಕೂಡಿಡುತ್ತವೆ. ಪ್ರೋಟೀನಿಗೆ ಮಾತ್ರ ಹೀಗೆ ಬೇರೆ ಕಣಜವಿಲ್ಲ. ಉಪವಾಸವಿದ್ದಾಗ, ಗಾಯವಾದಾಗ, ಸೋಂಕು ತಗುಲಿದಾಗ ದೇಹ ಸ್ನಾಯುವನ್ನೇ ಕರಗಿಸಿ ಅಮೈನೋ ಆಮ್ಲಗಳನ್ನು ಪಡೆಯುತ್ತದೆ. ಅವುಗಳಲ್ಲಿ ಕೆಲವು ಪಿತ್ತಜನಕಾಂಗಕ್ಕೆ ಹೋಗಿ ಮಿದುಳಿಗೆ ಬೇಕಾದ ಗ್ಲೂಕೋಸ್ ಆಗುತ್ತವೆ. ಗ್ಲುಟಮಿನ್ ಎಂಬ ಅಮೈನೋ ಆಮ್ಲ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೆ ಆಹಾರವಾಗುತ್ತದೆ. ಬರಗಾಲದಲ್ಲಿ ಬಿತ್ತನೆಯ ಬೀಜವನ್ನೇ ಕುಟ್ಟಿ ಉಣ್ಣುವಂತಹ ಸ್ಥಿತಿ ಇದು. ಹಸಿವೇನೋ ಆ ಹೊತ್ತಿಗೆ ತೀರುತ್ತದೆ, ಆದರೆ ಮುಂದಿನ ಬೆಳೆಗೆ ಬೀಜವಿಲ್ಲ.

ಕ್ಯಾನ್ಸರಿನಲ್ಲಿ ಈ ಕರಗುವಿಕೆ ಇನ್ನೂ ಜೋರು. ಗಡ್ಡೆಯಿಂದಲೂ, ಅದಕ್ಕೆ ಎದುರಾಗಿ ನಿಂತ ದೇಹದ ರಕ್ಷಣಾ ವ್ಯವಸ್ಥೆಯಿಂದಲೂ ಹೊರಡುವ ರಾಸಾಯನಿಕಗಳು ಹಸಿವನ್ನು ಅಡಗಿಸುತ್ತವೆ, ಸ್ನಾಯುವಿನ ಪ್ರೋಟೀನನ್ನು ಒಡೆಯಲು ಅಪ್ಪಣೆ ಕೊಡುತ್ತವೆ. ಒಡೆಯಬೇಕಾದ ಪ್ರೋಟೀನಿಗೆ ಜೀವಕೋಶ ‘ಯುಬಿಕ್ವಿಟಿನ್’ ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ ಪ್ರೋಟೀನು ಕತ್ತರಿಸುವ ಯಂತ್ರದೊಳಕ್ಕೆ ಹೋಗುತ್ತದೆ. ಈ ಚೀಟಿಯ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಚೀಹನೋವರ್, ಅವ್ರಾಮ್ ಹರ್ಷ್ಕೋ ಮತ್ತು ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು.

ರೋಗದಿಂದ ಮೈ ಹೀಗೆ ಸವೆಯುವುದನ್ನು ವೈದ್ಯರು ‘ಕ್ಯಾಕೆಕ್ಸಿಯಾ’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಕೆಟ್ಟ ಸ್ಥಿತಿ’ ಎಂದು ಇದರ ಅರ್ಥ. ಇದು ಬರಿಯ ಉಪವಾಸವಲ್ಲ. ಉಪವಾಸದಿಂದ ಸೊರಗಿದವನಿಗೆ ಊಟ ಕೊಟ್ಟರೆ ಮೈ ಮರಳಿ ಬರುತ್ತದೆ. ಕ್ಯಾಕೆಕ್ಸಿಯಾ ಪೂರ್ಣವಾಗಿ ಹಿಡಿದ ಮೇಲೆ ಊಟವೊಂದರಿಂದಲೇ ಅದನ್ನು ತಿರುಗಿಸಲಾಗುವುದಿಲ್ಲ. ಆದ್ದರಿಂದ ಅದನ್ನು ಬೇಗ ಗುರುತಿಸುವುದು ಮುಖ್ಯ. ವಯಸ್ಸಿನೊಂದಿಗೆ ಸ್ನಾಯು ಕ್ಷಯಿಸುವುದಕ್ಕೆ ‘ಸಾರ್ಕೋಪೀನಿಯಾ’, ಅಂದರೆ ‘ಮಾಂಸದ ಬಡತನ’ ಎಂಬ ಹೆಸರನ್ನು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಸೂಚಿಸಿದರು. ಮುಂದೆ ಆ ಹೆಸರು ಕ್ಯಾನ್ಸರ್ ವಾರ್ಡಿಗೂ ಬಂತು.

ಹೊಕ್ಕುಳ ಮಟ್ಟದ ಒಂದು ಹಾಳೆ

ಸ್ನಾಯುವನ್ನು ಅಳೆಯುವುದು ಹೇಗೆ? ಜೀವಂತ ಮನುಷ್ಯನ ಮಾಂಸವನ್ನು ಬಿಡಿಸಿ ತೂಗಲಾಗದು. ಇಲ್ಲಿ ನೆರವಿಗೆ ಬಂದದ್ದು ಸಿ.ಟಿ. ಸ್ಕ್ಯಾನ್. ಇದರ ಮೂಲಪುರುಷ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಕಂಪನಿಯೇ ಇದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವರ ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಬಿಡಿಸಿದ್ದ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಹುಮಾನ ದೊರೆಯಿತು.

ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತವೆ. ಸಿ.ಟಿ. ಸ್ಕ್ಯಾನಿನಲ್ಲಿ ಎಕ್ಸ್ ಕಿರಣ ದೇಹದ ಸುತ್ತ ತಿರುಗುತ್ತಾ ಹಲವು ಕೋನಗಳಿಂದ ಹಾಯುತ್ತದೆ. ಕಂಪ್ಯೂಟರ್ ಆ ಲೆಕ್ಕಗಳನ್ನೆಲ್ಲ ಕೂಡಿಸಿ, ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ, ದೇಹದ ಅಡ್ಡಸೀಳುಗಳ ಚಿತ್ರ ಕೊಡುತ್ತದೆ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಅಂಕಿಯಿದೆ. ಕಿರಣವನ್ನು ಎಷ್ಟು ತಡೆಯಿತು ಎಂಬುದರ ಅಳತೆ ಅದು. ನೀರಿಗೆ 0, ಗಾಳಿಗೆ ಋಣ 1000. ಈ ಮಾನಕ್ಕೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ. ಕೊಬ್ಬು ನೀರಿಗಿಂತ ಕಡಿಮೆ ತಡೆಯುವುದರಿಂದ ಅದರ ಅಂಕಿ ಋಣ. ಸ್ನಾಯುವಿನದು ಋಣ 29ರಿಂದ ಧನ 150ರ ನಡುವೆ ಎಂದು ಸಂಶೋಧಕರು ಗೆರೆ ಹಾಕಿಕೊಂಡಿದ್ದಾರೆ. ಹೀಗಾಗಿ ಯಾವ ಚುಕ್ಕೆ ಕೊಬ್ಬು, ಯಾವುದು ಸ್ನಾಯು ಎಂದು ಅಂಕಿಯೇ ಬೇರ್ಪಡಿಸಿ ಕೊಡುತ್ತದೆ.

ಹಾಗಾದರೆ ಇಡೀ ದೇಹವನ್ನು ಸ್ಕ್ಯಾನ್ ಮಾಡಬೇಕೆ? ಬೇಕಿಲ್ಲ. ಸೊಂಟದ ಭಾಗದಲ್ಲಿ ಬೆನ್ನುಮೂಳೆಯ 5 ಮಣಿಗಳಿವೆ. ಅವುಗಳಲ್ಲಿ ಮೂರನೆಯದು ಹೆಚ್ಚುಕಡಿಮೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. ಆ ಮಟ್ಟದ ಒಂದೇ ಒಂದು ಅಡ್ಡಸೀಳಿನಲ್ಲಿ ಬೆನ್ನಿನ ಸ್ನಾಯುಗಳು, ತೊಡೆಯನ್ನು ಮೇಲೆತ್ತುವ ಸ್ನಾಯು, ಹೊಟ್ಟೆಯ ಗೋಡೆಯ ಸ್ನಾಯುಗಳು ಎಲ್ಲವೂ ಸಿಗುತ್ತವೆ. ಅಲ್ಲಿನ ಸ್ನಾಯುವಿನ ಕ್ಷೇತ್ರಫಲಕ್ಕೂ ಇಡೀ ದೇಹದ ಸ್ನಾಯುವಿನ ಮೊತ್ತಕ್ಕೂ ನಿಕಟ ಸಂಬಂಧವಿದೆಯೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕಲ್ಲವೇ?

ಲೆಕ್ಕವೂ ಕಷ್ಟದ್ದಲ್ಲ. ಹತ್ತನೆಯ ತರಗತಿಯ ವಿದ್ಯಾರ್ಥಿ ಮಾಡಬಹುದು. ಚಿತ್ರದ ಒಂದು ಚುಕ್ಕೆಯ ಬದಿ 0.8 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಕ್ಷೇತ್ರಫಲ 0.64 ಚದರ ಮಿಲಿಮೀಟರ್. ಸ್ನಾಯುವಿನ ಚುಕ್ಕೆಗಳು 20,000 ಇದ್ದರೆ ಒಟ್ಟು 12,800 ಚದರ ಮಿಲಿಮೀಟರ್, ಅಂದರೆ 128 ಚದರ ಸೆಂಟಿಮೀಟರ್. ಒಂದು ಅಂಚೆ ಕಾರ್ಡಿನಷ್ಟು ಅಗಲ. ಎತ್ತರದವರಿಗೆ ಸಹಜವಾಗಿಯೇ ಸ್ನಾಯು ಹೆಚ್ಚಿರುವುದರಿಂದ ಇದನ್ನು ಎತ್ತರದ ವರ್ಗದಿಂದ ಭಾಗಿಸುತ್ತಾರೆ. ವ್ಯಕ್ತಿಯ ಎತ್ತರ 1.6 ಮೀಟರ್ ಆದರೆ ಅದರ ವರ್ಗ 2.56. 128ನ್ನು 2.56ರಿಂದ ಭಾಗಿಸಿದರೆ 50. ಇದೇ ಅವನ ‘ಸ್ನಾಯು ಸೂಚ್ಯಂಕ’. ಈ 50 ಎಂಬ ಅಂಕಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಲಿ. ಅದು ಮುಂದೆ ಬೇಕಾಗುತ್ತದೆ.

ಇಲ್ಲಿ ಜಾಣತನದ ಸಂಗತಿ ಒಂದುಂಟು. ಹೊಟ್ಟೆ, ಎದೆಯ ಕ್ಯಾನ್ಸರ್ ರೋಗಿಗಳಿಗೆ ಗಡ್ಡೆಯ ಗಾತ್ರ ತಿಳಿಯಲು ಹೇಗೂ ಸ್ಕ್ಯಾನ್ ಮಾಡಿರುತ್ತಾರೆ. ವೈದ್ಯರ ಕಣ್ಣು ಗಡ್ಡೆಯ ಮೇಲಿರುತ್ತದೆ. ಅದೇ ಚಿತ್ರದ ಅಂಚಿನಲ್ಲಿ ಸ್ನಾಯುವಿನ ಲೆಕ್ಕ ಯಾರೂ ಓದದ ಹಾಗೆ ಬಿದ್ದಿರುತ್ತದೆ. ಅದನ್ನು ಓದಲು ಹೊಸ ಯಂತ್ರ ಬೇಡ, ಮತ್ತೊಮ್ಮೆ ಕಿರಣ ಹಾಯಿಸುವುದೂ ಬೇಡ.

ದಪ್ಪ ಮೈಯೊಳಗಿನ ಬಡತನ

ಹೀಗೆ ಓದಲು ಹೊರಟವರಲ್ಲಿ ಮುಂಚೂಣಿಯಲ್ಲಿದ್ದವರು ಕೆನಡಾದ ಎಡ್ಮಂಟನ್ ನಗರದ ಆಲ್ಬರ್ಟಾ ವಿಶ್ವವಿದ್ಯಾಲಯದ ಕಾರ್ಲಾ ಪ್ರಾಡೊ, ವಿಕ್ಕಿ ಬಾರಕೋಸ್ ಮತ್ತು ಸಂಗಡಿಗರು. ಅವರ ಪ್ರಸಿದ್ಧ ವರದಿ 2008ರಲ್ಲಿ ಪ್ರಕಟವಾಯಿತು. ಶ್ವಾಸಕೋಶ ಮತ್ತು ಜೀರ್ಣಾಂಗಗಳ ಕ್ಯಾನ್ಸರ್ ಇದ್ದ 2115 ರೋಗಿಗಳಲ್ಲಿ ಸ್ಥೂಲಕಾಯರು 325 ಮಂದಿ. ಅವರಲ್ಲಿ 250 ಮಂದಿಯ ಸ್ಕ್ಯಾನ್‌ಗಳು ಅಳತೆಗೆ ಯೋಗ್ಯವಾಗಿದ್ದವು. ನೋಡಲು ಎಲ್ಲರೂ ‘ಮೈಕೈ ತುಂಬಿದವರೇ’. ಆದರೆ ಅವರಲ್ಲಿ 38 ಮಂದಿಯ, ಅಂದರೆ ಶೇಕಡ 15ರಷ್ಟು ಜನರ ಸ್ನಾಯು ತೀರ ಕಡಿಮೆಯಿತ್ತು. ಗಂಡಸರಿಗೆ 52.4, ಹೆಂಗಸರಿಗೆ 38.5 ಎಂಬ ಸೂಚ್ಯಂಕವನ್ನು ಸಂಶೋಧಕರು ಗಡಿಯಾಗಿ ಇಟ್ಟುಕೊಂಡಿದ್ದರು. ಉಳಿದ ಸ್ಥೂಲಕಾಯರಿಗೆ ಹೋಲಿಸಿದರೆ ಈ ಗಡಿಯ ಕೆಳಗಿದ್ದವರ ಸಾವಿನ ಅಪಾಯ ಸುಮಾರು 4 ಪಟ್ಟು ಹೆಚ್ಚು. ಕೊಬ್ಬಿನ ಹೊದಿಕೆಯ ಕೆಳಗೆ ಮಾಂಸದ ಬಡತನ ಅಡಗಿ ಕುಳಿತಿತ್ತು.

2013ರಲ್ಲಿ ಅದೇ ವಿಶ್ವವಿದ್ಯಾಲಯದ ತಂಡ 1473 ರೋಗಿಗಳನ್ನು ಕುರಿತು ಇನ್ನೊಂದು ವರದಿ ಪ್ರಕಟಿಸಿತು. ಈ ಸಲ ಮೂರು ಸಂಗತಿಗಳನ್ನು ನೋಡಿದರು. ಒಂದು, ತೂಕ ಇಳಿದಿದೆಯೇ? ಎರಡು, ಸ್ನಾಯು ಕಡಿಮೆಯಿದೆಯೇ? ಮೂರು, ಇರುವ ಸ್ನಾಯುವಿನೊಳಗೆ ಕೊಬ್ಬು ಸೇರಿಕೊಂಡು ಅದರ ಹೌನ್ಸ್‌ಫೀಲ್ಡ್ ಅಂಕಿ ಇಳಿದಿದೆಯೇ? ಮೂರೂ ದೋಷಗಳಿದ್ದವರು ಬದುಕಿದ ಅವಧಿಯ ಮಧ್ಯಾಂಕ 8.4 ತಿಂಗಳು. ಮೂರೂ ಇಲ್ಲದವರದು 28.4 ತಿಂಗಳು. ಮೂರೂ ದೋಷಗಳಿದ್ದವರು ದಪ್ಪಗಿದ್ದರೋ ತೆಳ್ಳಗಿದ್ದರೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ.

ಈ ಮಾತು ಕೊನೆಯ ಹಂತದ ರೋಗಿಗಳಿಗೆ ಮಾತ್ರ ಅನ್ವಯಿಸುತ್ತದೆ ಎನ್ನುವಂತಿಲ್ಲ. 2018ರಲ್ಲಿ ಅಮೆರಿಕದಲ್ಲಿ ದೂರದ ಅಂಗಗಳಿಗೆ ಹರಡಿರದ, ಎರಡನೆಯ ಮತ್ತು ಮೂರನೆಯ ಹಂತದ ಸ್ತನ ಕ್ಯಾನ್ಸರ್ ಇದ್ದ 3241 ಮಹಿಳೆಯರ ಸ್ಕ್ಯಾನ್‌ಗಳನ್ನು ಪರಿಶೀಲಿಸಿದ ವರದಿ ಬಂತು. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಸ್ನಾಯು ಕಡಿಮೆಯಿತ್ತು. ಅಂಥವರ ಸಾವಿನ ಅಪಾಯ ಉಳಿದವರಿಗಿಂತ ಶೇಕಡ 41ರಷ್ಟು ಹೆಚ್ಚಿತ್ತು.

ಔಷಧದ ಅಳತೆ

ಸ್ನಾಯು ಕಡಿಮೆಯಿದ್ದವರಿಗೆ ಅಪಾಯ ಏಕೆ ಹೆಚ್ಚು? ಒಂದು ಕಾರಣ ಔಷಧದ ಲೆಕ್ಕದಲ್ಲಿಯೇ ಇರಬಹುದು. ಕೀಮೋಥೆರಪಿಯ ಅನೇಕ ಔಷಧಗಳನ್ನು ರೋಗಿಯ ಮೈಯ ಹೊರಮೈ ವಿಸ್ತೀರ್ಣಕ್ಕೆ ತಕ್ಕಂತೆ ಅಳೆದು ಕೊಡುತ್ತಾರೆ. ಎತ್ತರ ಮತ್ತು ತೂಕದಿಂದ ಈ ವಿಸ್ತೀರ್ಣವನ್ನು ಕಂಡುಹಿಡಿಯುವ ಸೂತ್ರವನ್ನು 1916ರಲ್ಲಿ ಅಮೆರಿಕದ ಡುಬಾಯ್ ಎಂಬ ಇಬ್ಬರು ಸಂಶೋಧಕರು ರೂಪಿಸಿದರು. ಅದಕ್ಕಾಗಿ ಅವರು ಅಳೆದದ್ದು ಕೇವಲ 9 ಮಂದಿಯನ್ನು.

ಎತ್ತರ ತೂಕ ಒಂದೇ ಆದ ಇಬ್ಬರಿಗೆ ಈ ಸೂತ್ರ ಒಂದೇ ಪ್ರಮಾಣದ ಔಷಧವನ್ನು ಹೇಳುತ್ತದೆ. ನೀರಿನಲ್ಲಿ ಕರಗುವ ಔಷಧ ಮುಖ್ಯವಾಗಿ ಹರಡುವುದು ನೀರಿನ ಅಂಶ ಹೆಚ್ಚಿರುವ ಸ್ನಾಯು ಮತ್ತಿತರ ಅಂಗಗಳಲ್ಲಿ, ಕೊಬ್ಬಿನಲ್ಲಿ ಅಲ್ಲ. ಒಂದು ಚಮಚ ಉಪ್ಪನ್ನು ದೊಡ್ಡ ಪಾತ್ರೆಯ ಸಾರಿಗೆ ಹಾಕಿದರೆ ಹದ, ಚಿಕ್ಕ ಪಾತ್ರೆಗೆ ಹಾಕಿದರೆ ಬಾಯಿಗಿಡಲಾಗದು. ಸ್ನಾಯು ಕಡಿಮೆಯಿದ್ದವರ ಮೈಯಲ್ಲಿ ಔಷಧ ಹೀಗೆ ‘ಉಪ್ಪಾಗುತ್ತದೆ’ ಎಂಬುದು ಸಂಶೋಧಕರ ತರ್ಕ. 2009ರ ಒಂದು ಅಧ್ಯಯನದಲ್ಲಿ ಕೇಪ್‌ಸೈಟಬೀನ್ ಎಂಬ ಔಷಧ ಪಡೆದ 55 ಮಂದಿ ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿದರು. ಸ್ನಾಯು ಕಡಿಮೆಯಿದ್ದವರಲ್ಲಿ ಶೇಕಡ 50 ಮಂದಿಗೆ ಔಷಧದ ವಿಷಪರಿಣಾಮ ಕಂಡಿತು. ಉಳಿದವರಲ್ಲಿ ಶೇಕಡ 20 ಮಂದಿಗೆ ಮಾತ್ರ. ವಿಷಪರಿಣಾಮ ಹೆಚ್ಚಾದರೆ ವೈದ್ಯರು ಔಷಧವನ್ನು ಕಡಿಮೆ ಮಾಡಬೇಕಾಗಬಹುದು, ಕೆಲವೊಮ್ಮೆ ನಿಲ್ಲಿಸಬೇಕಾಗಬಹುದು. ಆಗ ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲುವ ಭಯ. ಆದರೂ 55 ಮಂದಿ ಎಂಬುದು ಸಣ್ಣ ಸಂಖ್ಯೆ. ಇದನ್ನೇ ನಂಬಿ ಮನೆಯವರು ಮಾತ್ರೆಯ ಲೆಕ್ಕ ಬದಲಿಸಬಾರದು. ಅದು ವೈದ್ಯರ ಕೆಲಸ.

ಇರುವೆಯ ಸಾಲು ಮತ್ತು ಮಳೆ

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಲೇಬೇಕು. ಸ್ನಾಯು ಕಡಿಮೆಯಾದದ್ದರಿಂದ ರೋಗಿ ಬೇಗ ಸಾಯುತ್ತಾನೆಯೇ, ಅಥವಾ ರೋಗ ಉಗ್ರವಾಗಿರುವುದರಿಂದ ಸ್ನಾಯುವೂ ಕರಗಿ, ಸಾವೂ ಬೇಗ ಬರುತ್ತದೆಯೇ? ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಟರೆ ಮಳೆ ಬರುತ್ತದೆ ಎಂದು ಹಳ್ಳಿಯ ಹಿರಿಯರು ಹೇಳುತ್ತಾರೆ. ಅದು ನಿಜವೇ ಆದರೂ ಇರುವೆಗಳು ಮಳೆ ತರುವುದಿಲ್ಲ. ಇರುವೆಗಳನ್ನು ಓಡಿಸಿದರೆ ಮಳೆ ನಿಲ್ಲುವುದೂ ಇಲ್ಲ. ಮುನ್ಸೂಚನೆ ಬೇರೆ, ಕಾರಣ ಬೇರೆ. ಮೇಲಿನ ಅಧ್ಯಯನಗಳೆಲ್ಲ ಸ್ನಾಯು ಮುನ್ಸೂಚಕ ಎಂದು ತೋರಿಸಿವೆ. ಕಾರಣವೂ ಹೌದೇ ಎಂದು ತಿಳಿಯಬೇಕಾದರೆ ಪ್ರಯೋಗ ಬೇಕು.

ಇಲಿಗಳಲ್ಲಿ ಅಂಥ ಪ್ರಯೋಗ ನಡೆದಿದೆ. 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕ್ಯಾನ್ಸರ್ ಇದ್ದ ಇಲಿಗಳಿಗೆ ಸ್ನಾಯು ಕರಗಿಸುವ ಸಂಕೇತವನ್ನು ತಡೆಯುವ ವಸ್ತುವನ್ನು ಕೊಟ್ಟರು. ಸ್ನಾಯು ಮರಳಿ ಬಂತು, ಇಲಿಗಳು ಹೆಚ್ಚು ಕಾಲ ಬದುಕಿದವು. ವಿಶೇಷವೆಂದರೆ ಗಡ್ಡೆಯ ಬೆಳವಣಿಗೆ ಕಿಂಚಿತ್ತೂ ಕುಗ್ಗಿರಲಿಲ್ಲ. ಆ ಇಲಿಗಳ ಮಟ್ಟಿಗೆ ಸ್ನಾಯು ಬರಿಯ ಇರುವೆಯ ಸಾಲಾಗಿರಲಿಲ್ಲ, ಮಳೆಗೆ ಹಿಡಿದ ಕೊಡೆಯೂ ಆಗಿತ್ತು.

ಮನುಷ್ಯರಲ್ಲಿ ಉತ್ತರ ಇಷ್ಟು ಸರಳವಾಗಿ ಸಿಕ್ಕಿಲ್ಲ. ಹಸಿವು ಹೆಚ್ಚಿಸುವ ಅನಮೊರೆಲಿನ್ ಎಂಬ ಮಾತ್ರೆಯ ದೊಡ್ಡ ಪ್ರಯೋಗಗಳ ವರದಿ 2016ರಲ್ಲಿ ಬಂತು. ರೋಗಿಗಳ ಮೈಯಲ್ಲಿ ಕೊಬ್ಬಲ್ಲದ ಭಾಗದ ತೂಕ ಹೆಚ್ಚಿತು. ಆದರೆ ಮುಷ್ಟಿಯ ಹಿಡಿತದ ಬಲ ಹೆಚ್ಚಲಿಲ್ಲ. ತೂಕ ಬಂದ ಮಾತ್ರಕ್ಕೆ ಶಕ್ತಿ ಬಂತೆಂದಲ್ಲ ಎಂಬ ಪಾಠ ಇದು. ಜಪಾನ್ ದೇಶ 2021ರಲ್ಲಿ ಈ ಔಷಧಕ್ಕೆ ಒಪ್ಪಿಗೆ ನೀಡಿತು. ಯುರೋಪಿನ ಔಷಧ ಸಂಸ್ಥೆ ಅದಕ್ಕೆ ಮೊದಲೇ, 2017ರಲ್ಲಿ, ನಿರಾಕರಿಸಿತ್ತು. ಹಸಿವನ್ನು ಅಡಗಿಸುವ ‘ಜಿ.ಡಿ.ಎಫ್.-15’ ಎಂಬ ಪ್ರೋಟೀನನ್ನು ಕಟ್ಟಿಹಾಕುವ ಪೊನ್ಸೆಗ್ರೊಮ್ಯಾಬ್ ಎಂಬ ಚುಚ್ಚುಮದ್ದನ್ನು 187 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2024ರಲ್ಲಿ ಬಂತು. 12 ವಾರಗಳಲ್ಲಿ ತೂಕ ಹೆಚ್ಚಿತು. ಆಯಸ್ಸನ್ನೂ ಹೆಚ್ಚಿಸುತ್ತದೆಯೇ ಎಂಬುದನ್ನು ತೀರ್ಮಾನಿಸುವಷ್ಟು ದೊಡ್ಡ ಪ್ರಯೋಗ ಅದಾಗಿರಲಿಲ್ಲ.

ವ್ಯಾಯಾಮದ ಕಡೆಯಿಂದ ಬಂದ ಸುದ್ದಿ ಹೆಚ್ಚು ಉತ್ಸಾಹ ಕೊಡುವಂಥದು. ದೊಡ್ಡಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎರಡೂ ಮುಗಿದ 889 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ಪುಸ್ತಿಕೆ ಕೊಟ್ಟರು. ಇನ್ನೊಂದು ಗುಂಪಿಗೆ 3 ವರ್ಷ ಕಾಲ ತರಬೇತುದಾರರ ನೆರವಿನಿಂದ ಕ್ರಮಬದ್ಧ ವ್ಯಾಯಾಮ ಮಾಡಿಸಿದರು. 2025ರಲ್ಲಿ ಫಲಿತಾಂಶ ಪ್ರಕಟವಾಯಿತು. 8 ವರ್ಷಗಳ ಬಳಿಕ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇಕಡ 90.3, ಪುಸ್ತಿಕೆಯ ಗುಂಪಿನಲ್ಲಿ ಶೇಕಡ 83.2. ಹಾಗೆಂದು ಈ ಲಾಭವೆಲ್ಲ ಸ್ನಾಯು ಬೆಳೆದದ್ದರಿಂದಲೇ ಬಂತು ಎನ್ನಲಾಗದು. ಆ ಪ್ರಯೋಗದ ಉದ್ದೇಶ ಸ್ನಾಯುವಿನ ಅಳತೆಯಾಗಿರಲಿಲ್ಲ. ಆದರೆ ರೋಗಿಯ ದೇಹವನ್ನು ದುಡಿಸುವುದರಿಂದ ಆಯಸ್ಸು ಹೆಚ್ಚಬಹುದು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಂತಾಯಿತು.

8 ತಿಂಗಳು ಎಂದರೇನು?

8.4 ತಿಂಗಳು ಎಂಬ ಅಂಕಿಯನ್ನು ಓದಿ ಎದೆ ಝಲ್ ಎನ್ನುವ ಓದುಗರು ಇರಬಹುದು. ಮನೆಯಲ್ಲಿ ರೋಗಿಯಿದ್ದರಂತೂ ಹೇಳುವುದೇ ಬೇಡ. ಅಂಥವರು ಮಧ್ಯಾಂಕವೆಂದರೆ ಏನೆಂದು ಸರಿಯಾಗಿ ತಿಳಿಯಬೇಕು. ಗುಂಪಿನವರನ್ನು ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸಾಲಿನ ನಡುವೆ ನಿಂತವನ ಅಂಕಿ ಅದು. ಅರ್ಧ ಜನ ಅದಕ್ಕಿಂತ ಕಡಿಮೆ ಬದುಕಿದರು, ಇನ್ನರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು. ಸಾಲಿನ ಆ ತುದಿಯಲ್ಲಿ ನಿಂತವನು ಎಷ್ಟು ದೂರ ಹೋದ ಎಂಬುದನ್ನು ಮಧ್ಯಾಂಕ ಹೇಳುವುದಿಲ್ಲ.

ಅಮೆರಿಕದ ಹೆಸರಾಂತ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯ ಅಪರೂಪದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರು ಗ್ರಂಥಾಲಯಕ್ಕೆ ಹೋಗಿ ಓದಿದಾಗ ಕಂಡದ್ದು, ಆ ರೋಗದ ಮಧ್ಯಾಂಕ 8 ತಿಂಗಳು. ಅಂಕಿ ಅಂಶಗಳ ಲೆಕ್ಕ ಬಲ್ಲ ಅವರು ಅಲ್ಲಿಗೇ ಕುಸಿಯಲಿಲ್ಲ. ನಡುವಿನ ಅಂಕಿ ತನ್ನ ಹಣೆಬರಹವಲ್ಲ, ತಾನು ಸಾಲಿನ ಆ ತುದಿಯಲ್ಲಿಯೂ ಇರಬಹುದು ಎಂದು ತರ್ಕಿಸಿದರು. ಅದನ್ನೇ 1985ರಲ್ಲಿ ಒಂದು ಪ್ರಬಂಧವಾಗಿ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, 20 ವರ್ಷಗಳ ಬಳಿಕ, ಅದೂ ಬೇರೊಂದು ಕ್ಯಾನ್ಸರಿನಿಂದ. ಎಲ್ಲರೂ ಗೌಲ್ಡ್ ಆಗುವುದಿಲ್ಲ ನಿಜ. ಆದರೆ ಗುಂಪಿನ ಅಂಕಿಯನ್ನು ಒಬ್ಬ ವ್ಯಕ್ತಿಯ ಜಾತಕವೆಂದು ಓದುವುದು ಗಣಿತದ ತಪ್ಪು. ಸ್ಕ್ಯಾನ್ ಓದುವುದು ರೋಗಿಗೆ ದಿನ ಎಣಿಸಿ ಹೇಳುವುದಕ್ಕಲ್ಲ, ಕಾಣದ ಕೊರತೆಯೊಂದನ್ನು ಕಂಡು ಬೇಗ ತುಂಬಲು ಯತ್ನಿಸುವುದಕ್ಕೆ.

ಪುಣೆಯವರೊಬ್ಬರು, ಲಂಡನ್ನಿನವರೊಬ್ಬರು

ಈಗ ಆ 50 ಎಂಬ ಸೂಚ್ಯಂಕಕ್ಕೆ ಮರಳಬೇಕು. 2008ರ ಕೆನಡಾ ಗಡಿಯಾದ 52.4ರ ಪ್ರಕಾರ ಆ ಗಂಡಸಿನ ಸ್ನಾಯು ಕಡಿಮೆ. ಆದರೆ 2013ರ ವರದಿ ತೆಳ್ಳಗಿನ ಮತ್ತು ಸಾಧಾರಣ ಮೈಕಟ್ಟಿನ ಗಂಡಸರಿಗೆ 43ನ್ನು, ದಪ್ಪಗಿನವರಿಗೆ 53ನ್ನು ಗಡಿಯಾಗಿ ಇಟ್ಟಿತು. ಆ ವ್ಯಕ್ತಿ ಸಾಧಾರಣ ಮೈಕಟ್ಟಿನವನಾದರೆ ಈ ಲೆಕ್ಕದಲ್ಲಿ ಅವನಿಗೆ ಕೊರತೆಯೇ ಇಲ್ಲ. ಒಂದೇ ಮನುಷ್ಯ, ಎರಡು ತೀರ್ಪು. ಅಳತೆ ನಿಖರವಾಗಿದ್ದರೂ ಗೆರೆ ಎಲ್ಲಿ ಎಳೆಯಬೇಕೆಂಬುದು ಇನ್ನೂ ಚರ್ಚೆಯ ವಿಷಯ.

ಭಾರತೀಯರಿಗಂತೂ ಈ ಚರ್ಚೆ ಬಹು ಮುಖ್ಯ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳ ಭಾವಚಿತ್ರ ಅಚ್ಚಾಯಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಬಿ.ಎಂ.ಐ. ಇಬ್ಬರಿಗೂ ಒಂದೇ, 22.3. ನೋಡುವವರ ಕಣ್ಣಿಗೆ ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇಕಡ 21.2. ಭಾರತೀಯರ ಮೈಕಟ್ಟಿನಲ್ಲಿ ಅದೇ ತೂಕಕ್ಕೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಪ್ರವೃತ್ತಿಯನ್ನು ಯಾಜ್ಞಿಕ್ ಅವರು ಪುಣೆ ಸುತ್ತಲಿನ ನವಜಾತ ಶಿಶುಗಳಲ್ಲಿಯೇ ಗುರುತಿಸಿದ್ದರು. ಎಡ್ಮಂಟನ್ನಿನ ಗಡಿರೇಖೆಯನ್ನು ಹಾಗೆಯೇ ತಂದು ಇಲ್ಲಿ ಎಳೆದರೆ ಅನೇಕ ಆರೋಗ್ಯವಂತರೂ ಗೆರೆಯ ಕೆಳಗೆ ಬೀಳಬಹುದು. ಗಡಿಗಳನ್ನು ಇಲ್ಲಿನ ಜನರನ್ನು ಅಳೆದೇ ನಿರ್ಧರಿಸಬೇಕು. ಇಂದಿನ ವಿದ್ಯಾರ್ಥಿಗಳು ನಾಳೆ ಮಾಡಬಹುದಾದ ಕೆಲಸ ಇದು. ಚಿತ್ರದಲ್ಲಿ ಸ್ನಾಯುವನ್ನು ಗುರುತಿಸಿ ಬಣ್ಣ ತುಂಬುವ ಕೆಲಸವನ್ನು ಹಿಂದೆ ತಜ್ಞರು ಕೈಯಾರೆ ಮಾಡುತ್ತಿದ್ದರು. ಈಗ ಕಂಪ್ಯೂಟರ್ ಅದನ್ನು ತಾನೇ ಮಾಡಬಲ್ಲುದು.

ಮನೆಯವರು ಮಾಡಬಹುದಾದದ್ದು

ಸ್ನಾಯು ತಿಳಿಯುವುದಕ್ಕೆಂದೇ ಸ್ಕ್ಯಾನ್ ಮಾಡಿಸಲು ಯಾರೂ ಓಡಬೇಕಾಗಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಎಕ್ಸ್ ಕಿರಣದ ಪ್ರಮಾಣ ಸಾಮಾನ್ಯ ಎಕ್ಸ್-ರೇಗಿಂತ ಬಹಳ ಹೆಚ್ಚು. ರೋಗಕ್ಕಾಗಿ ಹೇಗೂ ಸ್ಕ್ಯಾನ್ ಮಾಡಿಸಿದ್ದರೆ ‘ಡಾಕ್ಟರೇ, ಇದರಲ್ಲಿ ಇವರ ಮಾಂಸಖಂಡ ಹೇಗಿದೆ? ಹಿಂದಿನ ಸ್ಕ್ಯಾನಿಗಿಂತ ಕಡಿಮೆಯಾಗಿದೆಯೇ?’ ಎಂದು ಕೇಳಬಹುದು. ಸಿದ್ಧ ವರದಿಯಲ್ಲಿ ಈ ಅಂಶ ಸಾಮಾನ್ಯವಾಗಿ ಇರುವುದಿಲ್ಲ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಸ್ಕ್ಯಾನ್ ಇಲ್ಲದೆಯೂ ಕೆಲವು ಸುಳಿವುಗಳು ಸಿಗುತ್ತವೆ. ಪ್ರಯತ್ನಿಸದೆಯೇ 6 ತಿಂಗಳಲ್ಲಿ ತೂಕ ಶೇಕಡ 5ಕ್ಕಿಂತ ಹೆಚ್ಚು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗೆ ಬಂದಿದ್ದರೆ, ಅದು ಎಚ್ಚರಿಕೆಯ ಗಂಟೆ. ಕುರ್ಚಿಯಿಂದ ಏಳಲು ಕೈಯೂರಬೇಕಾಗಿದೆಯೇ, ನೀರಿನ ಕೊಡ ಎತ್ತುವುದು ಕಷ್ಟವಾಗಿದೆಯೇ, ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತಿದೆಯೇ ಎಂದು ನೋಡಬೇಕು. ದಪ್ಪಗಿರುವ ರೋಗಿಯ ವಿಷಯದಲ್ಲಿಯೂ ಇವನ್ನು ಗಮನಿಸಬೇಕು.

ಇನ್ನು ಊಟ. ರೋಗಿಗೆ ಗಂಜಿ, ಎಳನೀರು, ಹಣ್ಣಿನ ರಸ ಇಷ್ಟೇ ಸಾಕೆಂಬ ಭಾವನೆ ಹಲವು ಮನೆಗಳಲ್ಲಿದೆ. ಇವುಗಳಲ್ಲಿ ಪ್ರೋಟೀನ್ ಬಹು ಕಡಿಮೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಇರಲಿ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಕ್ಯಾನ್ಸರ್ ರೋಗಿಗಳಿಗೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಬೇಕೆಂದು ಯುರೋಪಿನ ಪೋಷಣಾ ತಜ್ಞರು ಹೇಳಿದ್ದಾರೆ. 60 ಕಿಲೋ ತೂಕದವರಿಗೆ ಅದು 60ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಗಟ್ಟಿ ಬೇಳೆಯ ತೊವ್ವೆ, ಮೊಳಕೆ ಕಾಳಿನ ಉಸಲಿ, ಹಾಲು, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು, ಕೋಳಿ, ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬಹುದು. ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ. ಆದ್ದರಿಂದ ವೈದ್ಯರನ್ನೋ ಆಹಾರ ತಜ್ಞರನ್ನೋ ಕೇಳಿಯೇ ಆರಂಭಿಸಬೇಕು. ಊಟ ಸೇರದ ರೋಗಿಯನ್ನು ‘ತಿನ್ನುವುದಿಲ್ಲ, ಹಟ’ ಎಂದು ಗದರಿಸುವುದು ಸಲ್ಲದು. ಹಸಿವನ್ನು ಕೊಲ್ಲುತ್ತಿರುವುದು ರೋಗ, ರೋಗಿಯಲ್ಲ.

ಕೊನೆಯದಾಗಿ ವಿಶ್ರಾಂತಿ. ‘ಏಳಬೇಡಿ, ಮಲಗಿರಿ, ನಾವಿದ್ದೇವೆ’ ಎಂಬುದು ಪ್ರೀತಿಯ ಮಾತೇ. ಆದರೆ ಸರಾಸರಿ 67 ವರ್ಷದ ಆರೋಗ್ಯವಂತ ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದಾಗ ಅವರ ಕಾಲುಗಳಿಂದಲೇ ಸುಮಾರು 1 ಕಿಲೋ ಸ್ನಾಯು ಕರಗಿದ್ದು 2007ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕಂಡಿತು. ರೋಗವಿಲ್ಲದವರ ಪಾಡೇ ಹೀಗಾದರೆ ರೋಗಿಯದೇನು? ಮೂಳೆಗೆ ರೋಗ ಹರಡಿದ್ದರೆ, ಜ್ವರವಿದ್ದರೆ, ರಕ್ತ ತೀರ ಕಡಿಮೆಯಿದ್ದರೆ ಎಚ್ಚರ ಬೇಕು. ಎಷ್ಟು ಓಡಾಡಬಹುದು ಎಂದು ವೈದ್ಯರೇ ಹೇಳಬೇಕು. ಅವರು ಅಡ್ಡಿಯಿಲ್ಲವೆಂದರೆ ಅಂಗಳದಲ್ಲಿ ನಾಲ್ಕು ಹೆಜ್ಜೆ, ಕುರ್ಚಿಯಿಂದ ಐದಾರು ಸಲ ಎದ್ದು ಕೂರುವುದು, ತನ್ನ ಬಟ್ಟೆ ತಾನೇ ಮಡಿಸುವುದು ಇವೆಲ್ಲ ಒಳ್ಳೆಯದೇ.

ಶಾಲೆಯಿಂದ ಬಂದ ಮೊಮ್ಮಗ ಸಂಜೆ ಅಜ್ಜನ ಕೈಹಿಡಿದು ಬೀದಿಯ ತುದಿಯವರೆಗೆ ನಡೆಸಿಕೊಂಡು ಹೋಗಿ ಬರಬಹುದು. ಅದಕ್ಕೆ ದುಡ್ಡು ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಅಜ್ಜ ನಿನ್ನೆಗಿಂತ ಎರಡು ಮನೆ ಮುಂದಕ್ಕೆ ನಡೆದರೋ, ಎರಡು ಮನೆ ಹಿಂದೆಯೇ ನಿಂತರೋ ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಟ್ಟರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಕ್ಕಡಿ ಹೇಳದ ಸಂಗತಿಯೊಂದು ವೈದ್ಯರಿಗೆ ಆ ಪುಸ್ತಕದಿಂದ ತಿಳಿಯುತ್ತದೆ.